ಕಳೆಯಬೇಕಾದದ್ದು ಘನಫಲವನ್ನು, ಅಳತೆಯನ್ನಲ್ಲ: ಓದುಗರ ಗಣಿತ ಪ್ರಶ್ನೆಗಳಿಗೆ ಉತ್ತರ

ಒಂದು ಆಕೃತಿಯ ಹೊಟ್ಟೆಯೊಳಗೆ ಇನ್ನೊಂದು ಆಕೃತಿ ಕುಳಿತಿರುವಾಗ ಅವೆರಡರ ನಡುವೆ ಉಳಿಯುವ ಜಾಗವೆಷ್ಟು ಎಂದು ಕೇಳಿ ಮಂಗಳೂರು ಮತ್ತು ಉಡುಪಿ ಕಡೆಯ ಹಲವು ಓದುಗರು ಬರೆದಿದ್ದಾರೆ. ಒಬ್ಬರದು ಬಾವಿಯ ವಿಷಯ, ಇನ್ನೊಬ್ಬರದು ಅಕ್ಕಿಮುಡಿಯದು, ಮತ್ತೊಬ್ಬರದು ಚಿನ್ನದ ಗುಂಡಿನದು. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಪ್ರಶ್ನೆಗಳೊಳಗಿನ ಗಣಿತ ಒಂದೇ ಆಗಿರುವುದರಿಂದ, ಅವುಗಳಲ್ಲಿ ಆರನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ತೋಟದಲ್ಲಿ ಹೊಸ ಬಾವಿ ತೋಡಿಸಿದ್ದೇವೆ. ಗುಂಡಿಯ ವ್ಯಾಸ 8 ಅಡಿ. ಒಳಗೆ ಇಳಿಸಿರುವ ಕಾಂಕ್ರೀಟ್ ರಿಂಗುಗಳ ಒಳವ್ಯಾಸ 5 ಅಡಿ, ರಿಂಗಿನ ದಪ್ಪ 3 ಇಂಚು, ಒಟ್ಟು ಆಳ 20 ಅಡಿ. ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಿಸಲು ಒಂದು ಯೂನಿಟ್ ಸಾಕೆಂದು ಕೆಲಸದವರು ಲೆಕ್ಕ ಹಾಕಿ ಹೇಳಿದರು. ತರಿಸಿ ಸುರಿದಾಗ ನಾಲ್ಕು ಅಡಿಯೂ ತುಂಬಲಿಲ್ಲ. ಲೆಕ್ಕ ಎಲ್ಲಿ ತಪ್ಪಿತು? (ಕೃಷಿಕರು, ಹೆಬ್ರಿ)

ಉತ್ತರ: ತಪ್ಪು ಎಲ್ಲಿ ಆಗಿದೆಯೆಂಬುದನ್ನು ನಿಮ್ಮ ಅಂಕಿಗಳೇ ಹೇಳುತ್ತವೆ. ರಿಂಗಿನ ಒಳವ್ಯಾಸ 5 ಅಡಿ, ಎರಡೂ ಬದಿಯ ದಪ್ಪ ಸೇರಿ 6 ಇಂಚು, ಆದ್ದರಿಂದ ಅದರ ಹೊರವ್ಯಾಸ ಐದೂವರೆ ಅಡಿ. ಗುಂಡಿಯ 8 ಅಡಿಯಿಂದ ಇದನ್ನು ಕಳೆದರೆ ಎರಡೂವರೆ ಅಡಿ ಉಳಿಯುತ್ತದೆ. ನಿಮ್ಮ ಕೆಲಸದವರು ಎರಡೂವರೆ ಅಡಿ ವ್ಯಾಸ ಮತ್ತು 20 ಅಡಿ ಆಳದ ಸಿಲಿಂಡರೊಂದರ ಘನಫಲವನ್ನು ಕಂಡುಹಿಡಿದಿರಬೇಕು. ಅದು 98 ಘನ ಅಡಿಯಾಗುತ್ತದೆ, ನೂರು ಘನ ಅಡಿಯ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಆದರೆ ಎರಡೂವರೆ ಅಡಿ ವ್ಯಾಸದ ಅಂಥ ಸಿಲಿಂಡರ್ ನಿಮ್ಮ ಬಾವಿಯಲ್ಲಿ ಎಲ್ಲಿಯೂ ಇಲ್ಲ. ಅಲ್ಲಿರುವುದು ರಿಂಗನ್ನು ಬಳೆಯ ಹಾಗೆ ಸುತ್ತಿಕೊಂಡಿರುವ ಜಾಗ. ಅದನ್ನು ತಿಳಿಯಬೇಕಾದರೆ ಮೊದಲು ಇಡೀ ಗುಂಡಿಯ ಘನಫಲವನ್ನೂ ಆಮೇಲೆ ರಿಂಗುಗಳ ಹೊರಮೈ ಆವರಿಸುವ ಘನಫಲವನ್ನೂ ಬೇರೆಬೇರೆಯಾಗಿ ಕಂಡುಹಿಡಿದು, ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಬೇಕು. ಅಳತೆಗಳನ್ನು ಮೊದಲೇ ಕಳೆದುಕೊಂಡು ಲೆಕ್ಕಕ್ಕೆ ಕುಳಿತರೆ ಉತ್ತರ ಎಂದಿಗೂ ಸರಿಬರುವುದಿಲ್ಲ.

ಗುಂಡಿಯ ಘನಫಲ 1005 ಘನ ಅಡಿ. ಐದೂವರೆ ಅಡಿ ಹೊರವ್ಯಾಸದ ರಿಂಗುಗಳು ಆವರಿಸುವುದು 475 ಘನ ಅಡಿ. ಉಳಿಯುವುದು 530 ಘನ ಅಡಿ, ಎಂದರೆ ಐದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ನಿಮಗೆ ಹೇಳಿದ್ದಕ್ಕಿಂತ ಐದು ಪಟ್ಟು. ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ರಿಂಗಿನ ಹೊರವ್ಯಾಸದ ಬದಲು ಒಳವ್ಯಾಸವನ್ನು ಹಿಡಿದರೆ 613 ಘನ ಅಡಿ ಎಂಬ ಉತ್ತರ ಬರುತ್ತದೆ. ಆ ಹೆಚ್ಚುವರಿ 82 ಘನ ಅಡಿಯಷ್ಟು ಜಾಗದಲ್ಲಿ ಕಾಂಕ್ರೀಟೇ ಕುಳಿತಿರುವುದರಿಂದ ಅಲ್ಲಿಗೆ ಜಲ್ಲಿ ಹಾಕಲು ಸಾಧ್ಯವಿಲ್ಲ. ರಿಂಗ್ ಮಾರುವವರು ಒಳವ್ಯಾಸವನ್ನೇ ಹೇಳುವುದು ರೂಢಿಯಾದ್ದರಿಂದ ದಪ್ಪವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ವರ್ಗ, ಪೈ ಇವುಗಳ ಗೋಜು ಬೇಡವೆನ್ನುವವರಿಗೆ ಸುಲಭವಾದ ದಾರಿಯೊಂದಿದೆ, ಮತ್ತು ಅದು ಅಂದಾಜಿನ ದಾರಿಯಲ್ಲ. ಗುಂಡಿಯ ಅಂಚಿಗೂ ರಿಂಗಿಗೂ ಸರಿಯಾಗಿ ನಡುವೆ, ನೆಲದ ಮೇಲೆ ಹಗ್ಗವೊಂದನ್ನು ವೃತ್ತಾಕಾರವಾಗಿ ಹಾಸಿದ್ದೀರೆಂದು ಭಾವಿಸಿ. ಆ ವೃತ್ತದ ವ್ಯಾಸ ಆರೂಮುಕ್ಕಾಲು ಅಡಿ, ಹಗ್ಗದ ಉದ್ದ ಸುಮಾರು 21.2 ಅಡಿ. ಈ ಉದ್ದವನ್ನು ನಡುವಿನ ಜಾಗದ ಅಗಲವಾದ ಒಂದೂಕಾಲು ಅಡಿಯಿಂದ ಗುಣಿಸಿ, ಬಂದದ್ದನ್ನು 20 ಅಡಿ ಆಳದಿಂದ ಗುಣಿಸಿದರೆ ಅದೇ 530 ಬರುತ್ತದೆ. ಬಳೆಯಾಕಾರದ ಜಾಗವನ್ನು ಒಂದು ಕಡೆ ಕತ್ತರಿಸಿ ನೆಟ್ಟಗೆ ಬಿಡಿಸಿಟ್ಟರೆ ಹೊರಗಿನ ಅಂಚು ಎಷ್ಟು ಕುಗ್ಗಬೇಕೋ ಒಳಗಿನ ಅಂಚು ಅಷ್ಟೇ ಹಿಗ್ಗುತ್ತದೆ. ನಡುವಿನ ಗೆರೆ ಮಾತ್ರ ಇದ್ದಷ್ಟೇ ಇರುತ್ತದೆ. ಎರಡು ವರ್ಗಗಳ ವ್ಯತ್ಯಾಸವು ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧಕ್ಕೆ ಸಮ ಎಂದು ಶಾಲೆಯಲ್ಲಿ ಕಲಿತ ಸೂತ್ರವೇ ಇಲ್ಲಿ ಹಗ್ಗದ ರೂಪದಲ್ಲಿ ಬಂದಿದೆ. ಶಾಲೆಯಲ್ಲಿ ಒಣಗಿದಂತೆ ಕಾಣುವ ಆ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕಂಡಿಲ್ಲ.

ರಿಂಗ್ ಗುಂಡಿಯ ನಟ್ಟನಡುವೆ ಕೂರದೆ ಒಂದು ಬದಿಗೆ ಸರಿದಿದ್ದರೆ ಜಲ್ಲಿ ಹೆಚ್ಚು ಬೇಕಾಗುತ್ತದೆಯೇ ಎಂದು ಕೆಲವರು ಕೇಳುವುದುಂಟು. ಒಂದು ಬದಿಯಲ್ಲಿ ಅರ್ಧ ಅಡಿ, ಎದುರಿನ ಬದಿಯಲ್ಲಿ ಎರಡು ಅಡಿ ಜಾಗ ಉಳಿದರೂ ಒಟ್ಟು ಘನಫಲ ಒಂದಿಷ್ಟೂ ಬದಲಾಗುವುದಿಲ್ಲ, ಏಕೆಂದರೆ ಗುಂಡಿಯೂ ಅಷ್ಟೇ, ರಿಂಗೂ ಅಷ್ಟೇ. ಆದರೆ ಮಳೆಗಾಲದಲ್ಲಿ ಮಣ್ಣುನೀರನ್ನು ಸೋಸಬೇಕಾದ ಜಲ್ಲಿಯ ಪದರ ಒಂದು ಕಡೆ ತೆಳುವಾಗುತ್ತದೆ. ಆದ್ದರಿಂದ ರಿಂಗನ್ನು ನಡುವೆ ಇಳಿಸಬೇಕೆಂಬುದು ನೀರಿನ ದೃಷ್ಟಿಯಿಂದ ಸರಿಯಾದ ಮಾತು.

ಬದಲಾವಣೆ ತರುವುದು ಗುಂಡಿಯ ಆಕಾರ. ಮೇಲೆ 8 ಅಡಿ ಇದ್ದ ಗುಂಡಿ ತಳದಲ್ಲಿ 7 ಅಡಿಗೆ ಕಿರಿದಾಗುವುದು ನಮ್ಮ ಮುರಕಲ್ಲಿನ ನೆಲದಲ್ಲಿ ಸಾಮಾನ್ಯ. ಇಂಥ ಗುಂಡಿಗಳಿಗೆ 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಖಾತವ್ಯವಹಾರ ಎಂಬ ಪ್ರತ್ಯೇಕ ಭಾಗವೇ ಇದೆ. ಖಾತವೆಂದರೆ ತೋಡಿದ ಗುಂಡಿ. ಬಾಯಿಯ ಕ್ಷೇತ್ರಫಲ, ತಳದ ಕ್ಷೇತ್ರಫಲ ಮತ್ತು ಅವೆರಡರ ಅಳತೆಗಳನ್ನು ಕೂಡಿಸಿದಾಗ ಬರುವ ಆಕೃತಿಯ ಕ್ಷೇತ್ರಫಲ, ಈ ಮೂರನ್ನೂ ಸೇರಿಸಿ ಆರರಿಂದ ಭಾಗಿಸಿ ಆಳದಿಂದ ಗುಣಿಸಬೇಕು ಎನ್ನುವುದು ಅಲ್ಲಿನ ವಿಧಾನ. ಕ್ರಮವಾಗಿ 8, 7 ಮತ್ತು 15 ಅಡಿ ವ್ಯಾಸದ ವೃತ್ತಗಳನ್ನು ತೆಗೆದುಕೊಂಡರೆ ಗುಂಡಿಯ ಘನಫಲ 885 ಘನ ಅಡಿ ಬರುತ್ತದೆ. ಇಂದಿನ ಪಠ್ಯಪುಸ್ತಕದ ಶಂಕುವಿನ ಭಿನ್ನಕದ, ಎಂದರೆ ತುದಿ ಕತ್ತರಿಸಿದ ಶಂಕುವಿನ, ಸೂತ್ರವೂ ಇದನ್ನೇ ಕೊಡುತ್ತದೆ. ರಿಂಗುಗಳ 475ನ್ನು ಕಳೆದರೆ ಜಲ್ಲಿಗೆ 410 ಘನ ಅಡಿ ಸಾಕು. ನೇರ ಗುಂಡಿಗೂ ಇದಕ್ಕೂ ಒಂದು ಯೂನಿಟ್ಟಿಗಿಂತ ಹೆಚ್ಚಿನ ವ್ಯತ್ಯಾಸ! ಆದ್ದರಿಂದ ತಳದ ವ್ಯಾಸವನ್ನೂ ಅಳೆಯಿಸಿ. ಸರಾಸರಿ ಏಳೂವರೆ ಅಡಿ ವ್ಯಾಸವೆಂದು ಹಿಡಿದು ಸರಳವಾಗಿ ಲೆಕ್ಕ ಹಾಕಿದರೂ ಒಂದೆರಡು ಘನ ಅಡಿಗಿಂತ ಹೆಚ್ಚು ತಪ್ಪಾಗುವುದಿಲ್ಲ.

ಕೊನೆಯದಾಗಿ, ಜಲ್ಲಿಕಲ್ಲುಗಳ ನಡುವೆ ಇರುವ ಸಂದುಗಳನ್ನು ಈ ಮೊತ್ತದಿಂದ ಕಳೆಯಬೇಕಾಗಿಲ್ಲ. ಜಲ್ಲಿಯನ್ನು ಮಾರುವಾಗ ಸಂದುಗಳ ಸಮೇತವೇ ಅಳೆಯುತ್ತಾರೆ. ಸಡಿಲವಾಗಿ ಸುರಿದ ಜಲ್ಲಿಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಬರಿಯ ಸಂದೇ ಇರುತ್ತದೆ. ನಿಮ್ಮ ಬಾವಿಯ ಜಲ್ಲಿಯ ನಡುವೆಯೇ ಹಾಗಾಗಿ ಆರು ಸಾವಿರ ಲೀಟರಿನಷ್ಟು ನೀರು ನಿಲ್ಲಲು ಜಾಗವಿದೆ.

ಪ್ರಶ್ನೆ: ನಮ್ಮ ಹಳೆಯ ಮನೆಯಲ್ಲಿ ಈಗಲೂ ವರ್ಷಕ್ಕೊಮ್ಮೆ ಸಂಪ್ರದಾಯಕ್ಕೆಂದು ಒಂದು ಅಕ್ಕಿಮುಡಿ ಕಟ್ಟಿಸುತ್ತೇವೆ. ಹೊರಗಿನಿಂದ ಸುತ್ತಳತೆ 163 ಸೆಂಟಿಮೀಟರ್ ಇದೆ, ಬೈಹುಲ್ಲಿನ ಪದರ ಸುಮಾರು 3 ಸೆಂಟಿಮೀಟರ್ ದಪ್ಪವಿದೆ. ಇಷ್ಟು ತೆಳುವಾದ ಹುಲ್ಲು ಎಷ್ಟು ಜಾಗ ಹಿಡಿಯಬಹುದು? (ನಿವೃತ್ತ ಅಂಚೆ ನೌಕರರು, ಬ್ರಹ್ಮಾವರ)

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕದಲ್ಲಿ 42 ಸೇರು ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದಲೇ ಬಿಗಿದು ಉಂಡೆಯಾಗಿಸುವ ಆ ಕೈಚಳಕವನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯಲಾರರು.

ಮುಡಿಯನ್ನು ಗೋಳವೆಂದು ಭಾವಿಸೋಣ. ಸುತ್ತಳತೆಯನ್ನು ಪೈನ ಎರಡರಷ್ಟರಿಂದ ಭಾಗಿಸಿದರೆ ಹೊರಗಿನ ತ್ರಿಜ್ಯ ಸುಮಾರು 25.9 ಸೆಂಟಿಮೀಟರ್, ಹುಲ್ಲನ್ನು ಬಿಟ್ಟರೆ ಒಳಗಿನ ತ್ರಿಜ್ಯ 22.9 ಸೆಂಟಿಮೀಟರ್. ಹೊರಗಿನ ಗೋಳದ ಘನಫಲ 73 ಲೀಟರ್, ಒಳಗಿನ ಅಕ್ಕಿಯದು ಐವತ್ತೂವರೆ ಲೀಟರ್. ಹುಲ್ಲಿನ ಪದರವು ಹಿಡಿದಿರುವ ಜಾಗ ಇಪ್ಪತ್ತೆರಡೂವರೆ ಲೀಟರ್. ತ್ರಿಜ್ಯದಲ್ಲಿ ಎಂಟರಲ್ಲೊಂದು ಪಾಲಿಗಿಂತಲೂ ಕಡಿಮೆಯಿರುವ ಪದರವು ಘನಫಲದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ತೆಗೆದುಕೊಂಡಿತು. ಗೋಳದ ಘನಫಲವು ತ್ರಿಜ್ಯದ ಘನವನ್ನು ಅನುಸರಿಸುವುದರಿಂದ ಜಾಗವೆಲ್ಲ ಹೊರಮೈಯ ಹತ್ತಿರವೇ ಹೆಚ್ಚಾಗಿ ಇರುತ್ತದೆ. ನಡುಮಧ್ಯದಲ್ಲಿ ಇರುವುದು ಬಹಳ ಸ್ವಲ್ಪ. ತ್ರಿಜ್ಯದ ಹತ್ತರಲ್ಲೊಂದು ಪಾಲಿನಷ್ಟು ದಪ್ಪದ ಸಿಪ್ಪೆಯಿರುವ ಯಾವುದೇ ದುಂಡು ಹಣ್ಣಿನಲ್ಲಿ ನೂರಕ್ಕೆ 27 ಪಾಲು ಸಿಪ್ಪೆಯೇ ಎಂಬುದೂ ಇದೇ ಕಾರಣದಿಂದ.

ಇದರಿಂದ ಒಂದು ವ್ಯಾವಹಾರಿಕ ಪರಿಣಾಮವಿದೆ. ಹುಲ್ಲಿನ ದಪ್ಪವನ್ನು ಅಳೆಯುವಾಗ ಅರ್ಧ ಸೆಂಟಿಮೀಟರ್ ತಪ್ಪಿದರೂ ಅಕ್ಕಿಯ ಲೆಕ್ಕದಲ್ಲಿ ಮೂರು ಲೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದುಬಿಡುತ್ತದೆ. ಸುತ್ತಳತೆಯನ್ನು ಮಾತ್ರ ಅಳೆದು ಒಳಗಿನ ಅಕ್ಕಿಯನ್ನು ನಿರ್ಧರಿಸುವುದು ಆದ್ದರಿಂದ ಭರವಸೆಯ ವಿಧಾನವಲ್ಲ. ಅಕ್ಕಿಯನ್ನು ಮೊದಲೇ ಸೇರಿನಲ್ಲಿ ಅಳೆದು ಆಮೇಲೆ ಮುಡಿ ಕಟ್ಟುತ್ತಿದ್ದ ಹಿರಿಯರ ಕ್ರಮವೇ ಸರಿ. ನಿಮ್ಮ ಮುಡಿ ನೆಲಕ್ಕೆ ತಾಗುವ ಕಡೆ ಸ್ವಲ್ಪ ಚಪ್ಪಟೆಯಾಗಿದ್ದರೆ ಮೇಲಿನ ಎರಡೂ ಸಂಖ್ಯೆಗಳು ತುಸು ತಗ್ಗುತ್ತವೆ.

ಪ್ರಶ್ನೆ: ಸಿಲಿಂಡರಿನೊಳಗೆ ಮೇಲೆ, ಕೆಳಗೆ, ಸುತ್ತಲೂ ತಾಗುವಂತೆ ಗೋಳವನ್ನು ಇಟ್ಟರೆ ಉಳಿಯುವ ಜಾಗ ಸಿಲಿಂಡರಿನ ಮೂರನೇ ಒಂದು ಪಾಲು ಎಂದು ಉತ್ತರ ಬರುತ್ತದೆ. ಅದೇ ಪಾದ, ಅದೇ ಎತ್ತರದ ಶಂಕುವಿನ ಘನಫಲವೂ ಮೂರನೇ ಒಂದು ಪಾಲು. ಇದು ಕಾಕತಾಳೀಯವೇ ಅಥವಾ ಕಾರಣವಿದೆಯೇ? (ಪಿಯು ವಿದ್ಯಾರ್ಥಿನಿ, ಮೂಡುಬಿದಿರೆ)

ಉತ್ತರ: ಕಾರಣವಿದೆ. ಅದನ್ನು ಹುಡುಕಬೇಕೆಂದು ನಿಮಗೆ ಅನ್ನಿಸಿದ್ದೇ ದೊಡ್ಡ ವಿಷಯ, ಏಕೆಂದರೆ ಈ ಪ್ರಶ್ನೆಯೊಳಗೆ ಗಣಿತದ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ.

ಗೋಳದ ತ್ರಿಜ್ಯ 6 ಸೆಂಟಿಮೀಟರ್, ಸಿಲಿಂಡರಿನ ಎತ್ತರ 12 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಇವೆರಡನ್ನೂ ಜೊತೆಯಾಗಿ, ಗೋಳದ ಕೇಂದ್ರದಿಂದ 2 ಸೆಂಟಿಮೀಟರ್ ಮೇಲೆ, ಅಡ್ಡವಾಗಿ ಕತ್ತರಿಸಿದ್ದೀರೆಂದು ಊಹಿಸಿ. ಸಿಲಿಂಡರಿನ ಹೋಳು 6 ಸೆಂಟಿಮೀಟರ್ ತ್ರಿಜ್ಯದ ವೃತ್ತ, ಆದ್ದರಿಂದ ಅದರ ಕ್ಷೇತ್ರಫಲ ಪೈನ 36ರಷ್ಟು. ಗೋಳದ ಹೋಳಿನ ತ್ರಿಜ್ಯದ ವರ್ಗವು ಪೈಥಾಗೊರಸನ ಪ್ರಮೇಯದ ಪ್ರಕಾರ 36ರಲ್ಲಿ 4 ಕಳೆದು 32. ಆದ್ದರಿಂದ ಅದರ ಕ್ಷೇತ್ರಫಲ ಪೈನ 32ರಷ್ಟು. ನಡುವೆ ಉಳಿಯುವ ಬಳೆಯ ಕ್ಷೇತ್ರಫಲ ಪೈನ 4ರಷ್ಟು, ಎಂದರೆ 2 ಸೆಂಟಿಮೀಟರ್ ತ್ರಿಜ್ಯದ ವೃತ್ತದಷ್ಟು. ಕೇಂದ್ರದಿಂದ 3 ಸೆಂಟಿಮೀಟರ್ ಎತ್ತರದಲ್ಲಿ ಕತ್ತರಿಸಿದರೆ ಬಳೆಯು 3 ಸೆಂಟಿಮೀಟರ್ ತ್ರಿಜ್ಯದ ವೃತ್ತಕ್ಕೆ ಸಮ, 5ರಲ್ಲಿ ಕತ್ತರಿಸಿದರೆ 5ರ ವೃತ್ತಕ್ಕೆ ಸಮ. ಕೇಂದ್ರದಿಂದ ಎಷ್ಟು ದೂರವೋ ಅಷ್ಟೇ ತ್ರಿಜ್ಯದ ವೃತ್ತಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೋದರೆ ಯಾವ ಆಕೃತಿ ಬರುತ್ತದೆ? ತುದಿಗಳು ಕೇಂದ್ರದಲ್ಲಿ ಕೂಡುವ, ಒಂದು ಮೇಲ್ಮುಖವಾಗಿ ಇನ್ನೊಂದು ಕೆಳಮುಖವಾಗಿ ತೆರೆದುಕೊಂಡ ಎರಡು ಶಂಕುಗಳು. ನಮ್ಮ ಚಂಡೆಯಂತಲ್ಲ, ಡಮರುವಿನಂತೆ ನಡುವೆ ಸಣ್ಣಗಾದ ಆಕೃತಿ ಎಂದರೆ ಬೇಗ ಕಣ್ಣಿಗೆ ಕಟ್ಟೀತು. ಆ ಎರಡು ಶಂಕುಗಳ ಒಟ್ಟು ಘನಫಲವು ನೀವು ಹೇಳಿದ ಪೂರ್ಣ ಎತ್ತರದ ಒಂದು ಶಂಕುವಿನ ಘನಫಲಕ್ಕೆ ಸಮ. ಹೋಳಿಗೆ ಹೋಳು ಸಮವಾದ ಮೇಲೆ ಒಟ್ಟು ಘನಫಲವೂ ಸಮವಾಗಲೇಬೇಕು. ಸಿಲಿಂಡರ್ 1357, ಗೋಳ 905, ನಡುವಿನ ಜಾಗ 452 ಘನ ಸೆಂಟಿಮೀಟರ್ ಎಂದು ನೀವೇ ತಾಳೆ ನೋಡಬಹುದು.

ಹೋಳುಗಳನ್ನು ಹೋಲಿಸುವ ಈ ತತ್ತ್ವವನ್ನು ಇಟಲಿಯ ಕವಲಿಯೇರಿ 1635ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಂಡಿಸಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಆದರೆ ಶಂಕು, ಗೋಳ, ಸಿಲಿಂಡರುಗಳು 1, 2, 3ರ ಅನುಪಾತದಲ್ಲಿವೆ ಎಂಬುದನ್ನು ಅವನಿಗಿಂತ ಹದಿನೆಂಟು ಶತಮಾನಗಳ ಹಿಂದೆಯೇ ಸಿರಾಕ್ಯೂಸಿನ ಆರ್ಕಿಮಿಡಿಸ್ ಸಾಧಿಸಿದ್ದನು. ತಾನು ಕಂಡುಹಿಡಿದ ಎಲ್ಲದರಲ್ಲಿ ಅವನಿಗೆ ಇದೇ ಎಷ್ಟು ಪ್ರಿಯವಾಗಿತ್ತೆಂದರೆ, ಗೋಳ ಮತ್ತು ಸಿಲಿಂಡರಿನ ಆಕೃತಿಯನ್ನೇ ತನ್ನ ಸಮಾಧಿಯ ಮೇಲೆ ಇಡಬೇಕೆಂದು ಬಯಸಿದ್ದನು. ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ರೋಮಿನ ಸಿಸೆರೊ ಪೊದೆಗಳ ನಡುವೆ ಮರೆಯಾಗಿದ್ದ ಆ ಸಮಾಧಿಯನ್ನು ಗುರುತಿಸಿದ್ದು ಈ ಎರಡು ಆಕೃತಿಗಳಿಂದಲೇ.

ನಮ್ಮಲ್ಲಿ ಗೋಳದ ಘನಫಲದ ದಾರಿ ಅಷ್ಟು ನೇರವಾಗಿರಲಿಲ್ಲ. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ವೃತ್ತದ ಕ್ಷೇತ್ರಫಲವನ್ನು ಅದರ ವರ್ಗಮೂಲದಿಂದಲೇ ಗುಣಿಸಬೇಕೆಂಬ ಸೂತ್ರವಿದ್ದು, ಅದು ನಿಜವಾದ ಉತ್ತರಕ್ಕಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ಕೊಡುತ್ತದೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು ಎಂಬ ವ್ಯಾವಹಾರಿಕ ಬೆಲೆಯನ್ನೂ, ಅದರ ಹತ್ತರಲ್ಲಿ ಒಂಬತ್ತು ಪಾಲು ಎಂಬ ಸೂಕ್ಷ್ಮ ಬೆಲೆಯನ್ನೂ ಕೊಟ್ಟನು, ಈ ಎರಡನೆಯದರಲ್ಲಿ ಕೊರತೆ ನೂರಕ್ಕೆ ಸುಮಾರು ಮೂರು ಮಾತ್ರ. ಗೋಳದ ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸು ಎಂಬ ನಿಖರವಾದ ನಿಯಮ ‘ಲೀಲಾವತಿ’ಯಲ್ಲಿದೆ. ಅಲ್ಲಿ ಭಾಸ್ಕರಾಚಾರ್ಯರು ಗೋಳದ ಮೇಲ್ಮೈಯನ್ನು ಚೆಂಡಿಗೆ ಹೊದಿಸಿದ ಬಲೆಗೆ ಹೋಲಿಸಿದ್ದಾರೆ. ಬಲೆ ನೇಯುವುದನ್ನು ದಿನವೂ ನೋಡುವ ಕರಾವಳಿಯ ನಮಗೆ ಆ ಹೋಲಿಕೆ ಹತ್ತಿರದ್ದೆನಿಸುತ್ತದೆ.

ಪ್ರಶ್ನೆ: ನಾನು ಚಿನ್ನದ ಕೆಲಸ ಮಾಡುವವನು. 8 ಮಿಲಿಮೀಟರ್ ಹೊರವ್ಯಾಸದ ಟೊಳ್ಳು ಗುಂಡುಗಳನ್ನು 0.2 ಮಿಲಿಮೀಟರ್ ತಗಡಿನಿಂದ ಮಾಡಬೇಕು. 50 ಗುಂಡುಗಳಿಗೆ ಬೇಕಾಗುವ 22 ಕ್ಯಾರೆಟ್ ಚಿನ್ನದ ತೂಕವನ್ನು, ಹೊರಮೈಯ ವಿಸ್ತೀರ್ಣವನ್ನು ತಗಡಿನ ದಪ್ಪದಿಂದ ಗುಣಿಸಿ ಅಂದಾಜು ಮಾಡಿದರೆ ಸಾಕೇ? (ಉಡುಪಿ)

ಉತ್ತರ: ಅಗ್ಗದ ಲೋಹವಾಗಿದ್ದರೆ ಸಾಕು ಎನ್ನುತ್ತಿದ್ದೆ. ನೀವು ಹೇಳಿದ ರೀತಿಯಲ್ಲಿ ಒಂದು ಗುಂಡಿಗೆ 40.2 ಘನ ಮಿಲಿಮೀಟರ್ ಲೋಹ ಬೇಕೆಂದಾಗುತ್ತದೆ. ಹೊರಗಿನ ಗೋಳದ ಘನಫಲದಿಂದ 7.6 ಮಿಲಿಮೀಟರ್ ವ್ಯಾಸದ ಒಳಗಿನ ಗೋಳದ ಘನಫಲವನ್ನು ಕಳೆದರೆ ಸಿಗುವ ನಿಜವಾದ ಉತ್ತರ 38.2. ಬೆರಕೆಯ ಬೆಳ್ಳಿ, ತಾಮ್ರಗಳ ಪ್ರಮಾಣವನ್ನು ಅನುಸರಿಸಿ 22 ಕ್ಯಾರೆಟ್ ಚಿನ್ನದ ಸಾಂದ್ರತೆ ಸ್ವಲ್ಪ ಬದಲಾಗುತ್ತದೆಯಾದರೂ ಘನ ಸೆಂಟಿಮೀಟರಿಗೆ 17.8 ಗ್ರಾಂ ಎಂದು ಹಿಡಿಯೋಣ. ಆಗ 50 ಗುಂಡುಗಳಿಗೆ ನಿಮ್ಮ ಅಂದಾಜು 35.8 ಗ್ರಾಂ, ನಿಜವಾದ ತೂಕ 34 ಗ್ರಾಂ. ಒಂದೂಮುಕ್ಕಾಲು ಗ್ರಾಂ ಚಿನ್ನದ ವ್ಯತ್ಯಾಸವನ್ನು ಗಿರಾಕಿಯ ಮುಂದಾಗಲಿ ನಿಮ್ಮ ಲೆಕ್ಕದ ಪುಸ್ತಕದಲ್ಲಾಗಲಿ ಹಗುರವಾಗಿ ಬಿಡುವಂತಿಲ್ಲ.

ಆದರೆ ನಿಮ್ಮ ವಿಧಾನವನ್ನು ಪೂರ್ತಿ ಕೈಬಿಡಬೇಕಾಗಿಲ್ಲ, ತುಸು ತಿದ್ದಿಕೊಂಡರೆ ಸಾಕು. ಮೇಲೆ ಹೆಬ್ರಿಯ ಬಾವಿಗೆ ಹೇಳಿದ ಹಗ್ಗದ ಉಪಾಯವನ್ನೇ ಇಲ್ಲಿ ಬಳಸಿ. ಹೊರಗಿನ ತ್ರಿಜ್ಯವಾದ 4 ಮಿಲಿಮೀಟರಿನ ಬದಲು ತಗಡಿನ ನಟ್ಟನಡುವಿನ ತ್ರಿಜ್ಯವಾದ 3.9 ಮಿಲಿಮೀಟರನ್ನು ತೆಗೆದುಕೊಂಡು ಮೇಲ್ಮೈ ವಿಸ್ತೀರ್ಣವನ್ನು ಕಂಡುಹಿಡಿದು, ಆಮೇಲೆ ದಪ್ಪದಿಂದ ಗುಣಿಸಿದರೆ 38.2 ಘನ ಮಿಲಿಮೀಟರೇ ಬರುತ್ತದೆ. ಬಾವಿಯ ಬಳೆಗೆ ಈ ನಿಯಮ ಸಂಪೂರ್ಣ ನಿಖರ. ಗೋಳಕ್ಕೆ ಸಂಪೂರ್ಣ ನಿಖರವಲ್ಲ, ಏಕೆಂದರೆ ಗೋಳ ಎರಡು ದಿಕ್ಕಿನಲ್ಲಿಯೂ ಬಾಗಿರುತ್ತದೆ. ಆದರೂ ನಿಮ್ಮ ತಗಡಿನಷ್ಟು ತೆಳುವಾದ ಪದರದಲ್ಲಿ ಉಳಿಯುವ ತಪ್ಪು ನಿಮ್ಮ ತಕ್ಕಡಿಗೆ ತಿಳಿಯದಷ್ಟು ಚಿಕ್ಕದು. ದಾರ ಪೋಣಿಸಲು ಕೊರೆಯುವ ತೂತುಗಳಿಂದ ಹೋಗುವ ಚಿನ್ನವನ್ನೂ ಬೆಸುಗೆಯಿಂದ ಸೇರುವುದನ್ನೂ ನೀವು ಅನುಭವದಿಂದ ಬಲ್ಲಿರಿ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಪ್ರಶ್ನೆ: 10 ಲೀಟರಿನ ಭರಣಿಯಲ್ಲಿ ಮಿಡಿ ಮಾವಿನಕಾಯಿ ತುಂಬಿಸಿದ ಮೇಲೆ ಸಂದುಗಳಿಗೆ ಎಷ್ಟು ಉಪ್ಪುನೀರು ಬೇಕೆಂದು ಮೊದಲೇ ತಿಳಿಯಬಹುದೇ? ಮಿಡಿ ಚಿಕ್ಕದಾದಷ್ಟೂ ಸಂದು ಕಡಿಮೆಯಾಗುತ್ತದೆಯೇ? (ಗೃಹಿಣಿ, ಸುರತ್ಕಲ್)

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಹಲವರಿಗೆ ಆಶ್ಚರ್ಯ ತರಬಹುದು: ಕಡಿಮೆಯಾಗುವುದಿಲ್ಲ. ಒಂದೇ ಗಾತ್ರದ ದುಂಡು ಕಾಯಿಗಳನ್ನು ಪಾತ್ರೆಯೊಂದರಲ್ಲಿ ಸುರಿದು ಕುಲುಕಿದಾಗ, ಕಾಯಿಗಳು ಪಾತ್ರೆಗೆ ಹೋಲಿಸಿದರೆ ಸಾಕಷ್ಟು ಚಿಕ್ಕದಾಗಿರುವವರೆಗೂ, ಸಂದುಗಳ ಪಾಲು ನೂರಕ್ಕೆ 36ರಿಂದ 40ರಷ್ಟೇ ಇರುತ್ತದೆ. ಚಿಕ್ಕ ಕಾಯಿಗಳ ನಡುವಿನ ಸಂದುಗಳು ಚಿಕ್ಕದಾದರೂ ಅವುಗಳ ಸಂಖ್ಯೆ ಹೆಚ್ಚುತ್ತದೆ. ಒಂದೊಂದಾಗಿ ಎಷ್ಟೇ ಜಾಣ್ಮೆಯಿಂದ ಜೋಡಿಸಿದರೂ ಗೋಳಗಳು ಜಾಗದ ನೂರಕ್ಕೆ 74 ಪಾಲಿಗಿಂತ ಹೆಚ್ಚನ್ನು ತುಂಬಲಾರವು ಎಂದು 1611ರಲ್ಲಿ ಕೆಪ್ಲರ್ ಊಹಿಸಿದ್ದನ್ನು ಥಾಮಸ್ ಹೇಲ್ಸ್ ಎಂಬ ಗಣಿತಜ್ಞರು 1998ರಲ್ಲಿ ಕಂಪ್ಯೂಟರಿನ ನೆರವಿನಿಂದ ಸಾಧಿಸಿದರು. ಆದ್ದರಿಂದ ಮೂರೂವರೆಯಿಂದ ನಾಲ್ಕು ಲೀಟರ್ ಎಂಬುದು ನಿಮ್ಮ ಭರಣಿಗೆ ಒಳ್ಳೆಯ ಆರಂಭದ ಅಂದಾಜು. ಸಂದು ನಿಜವಾಗಿ ಕಡಿಮೆಯಾಗಬೇಕಾದರೆ ದೊಡ್ಡ ಮಿಡಿಗಳ ನಡುವೆ ತೀರ ಸಣ್ಣವು ಕೂರುವಂತೆ ಬೆರೆಸಬೇಕು.

ನಿಖರವಾದ ಸಂಖ್ಯೆ ಬೇಕಾದರೆ ಸೂತ್ರಕ್ಕಿಂತ ನೀರೇ ಒಳ್ಳೆಯ ಅಳತೆಗಾರ. ಉಪ್ಪು ಹಾಕುವ ಮೊದಲು ಮಿಡಿ ತುಂಬಿದ ಭರಣಿಗೆ ಕಂಠದವರೆಗೆ ನೀರು ಹೊಯ್ದು, ಬಸಿದು, ಅಳೆಯಿರಿ. ಆಮೇಲೆ ಮಿಡಿಯನ್ನೂ ಭರಣಿಯನ್ನೂ ಒಂದು ಹನಿ ತೇವವಿಲ್ಲದಂತೆ ಆರಿಸಿಕೊಳ್ಳಿ. ಕಲ್ಲುಪ್ಪಿನಲ್ಲಿ ಹಾಕಿಟ್ಟ ಮಿಡಿ ತಾನೇ ನೀರು ಬಿಟ್ಟು ಚಿರುಟುವುದರಿಂದ ಆ ಮೇಲೆ ಸಂದುಗಳ ಪ್ರಮಾಣವೂ ಬದಲಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಪ್ರಶ್ನೆ: ಕಿರುಪರೀಕ್ಷೆಯೊಂದಕ್ಕೆ ನಾನೇ ಪ್ರಶ್ನೆ ರೂಪಿಸಿದೆ: ‘15 ಸೆಂಟಿಮೀಟರ್ ವ್ಯಾಸದ ಗೋಳದೊಳಗೆ 10 ಸೆಂಟಿಮೀಟರ್ ಬದಿಯ ಘನವನ್ನು ಇಟ್ಟರೆ ನಡುವೆ ಉಳಿಯುವ ಜಾಗವೆಷ್ಟು?’ ಎಲ್ಲರೂ 767 ಘನ ಸೆಂಟಿಮೀಟರ್ ಎಂದು ಬರೆದರು. ಒಬ್ಬ ಹುಡುಗ ಮಾತ್ರ ‘ಸಾಧ್ಯವಿಲ್ಲ’ ಎಂದು ಬರೆದಿದ್ದಾನೆ. ಅಂಕ ಕೊಡಬೇಕೇ? (ಪ್ರೌಢಶಾಲಾ ಶಿಕ್ಷಕರು, ಕುಂದಾಪುರ)

ಉತ್ತರ: ಪೂರ್ಣ ಅಂಕ ಕೊಡಿ. ಆ ಹುಡುಗನ ಉತ್ತರವೇ ಸರಿ. ಘನವು ಗೋಳದೊಳಗೆ ಹಿಡಿಯುತ್ತದೆಯೇ ಎಂಬುದನ್ನು ನಿರ್ಧರಿಸುವುದು ಅದರ ಬದಿಯಲ್ಲ, ಒಂದು ಮೂಲೆಯಿಂದ ನಡುವೆ ಹಾದು ಎದುರಿನ ಮೂಲೆಗೆ ಹೋಗುವ ಕರ್ಣ. 10 ಸೆಂಟಿಮೀಟರ್ ಬದಿಯ ಘನದ ಕರ್ಣ 17.3 ಸೆಂಟಿಮೀಟರ್, ಆದ್ದರಿಂದ 15 ಸೆಂಟಿಮೀಟರ್ ವ್ಯಾಸದ ಗೋಳದಿಂದ ಎಂಟೂ ಮೂಲೆಗಳು ಹೊರಗೆ ಚಾಚಿಕೊಳ್ಳುತ್ತವೆ. ಇಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಗೋಳದ ಘನಫಲ 1767, ಘನದ್ದು 1000. ಕಳೆದಾಗ ಬರುವ ಉತ್ತರ ಋಣಸಂಖ್ಯೆಯಾಗಿದ್ದರೆ ಯಾರಾದರೂ ಅನುಮಾನಿಸುತ್ತಿದ್ದರು, ಆದರೆ 767 ಎಂಬ ಉತ್ತರ ಸಹಜವಾಗಿ ಕಾಣುತ್ತದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ನಿಯಮಕ್ಕೆ ಅರ್ಥ ಬರುವುದು ಚಿಕ್ಕದು ಪೂರ್ತಿಯಾಗಿ ದೊಡ್ಡದರ ಒಳಗೇ ಇದ್ದಾಗ ಮಾತ್ರ. ಈ ಪರೀಕ್ಷೆಯನ್ನು ಲೆಕ್ಕ ಆರಂಭಿಸುವ ಮೊದಲೇ ಮಾಡಬೇಕೆಂದು ನಮ್ಮ ಪಾಠಗಳಲ್ಲಿ ಒತ್ತಿ ಹೇಳುವುದು ಕಡಿಮೆ ಎಂಬ ಕೊರಗು ನನಗೆ ಬಹಳ ದಿನಗಳಿಂದ ಇದೆ.

ಗೋಳದ ವ್ಯಾಸವನ್ನು 18 ಸೆಂಟಿಮೀಟರಿಗೆ ಏರಿಸಿದರೆ ನಿಮ್ಮ ಪ್ರಶ್ನೆ ಸರಿಯಾಗುತ್ತದೆ, ಉತ್ತರ ಸುಮಾರು 2054 ಘನ ಸೆಂಟಿಮೀಟರ್. ಮುಂದಿನ ತರಗತಿಯಲ್ಲಿ ಮಕ್ಕಳ ಮುಂದೆ ಇನ್ನೊಂದು ಪ್ರಶ್ನೆಯನ್ನೂ ಇಡಬಹುದು: ಘನದೊಳಗೆ ಬಿಗಿಯಾಗಿ ಕೂರುವ ಗೋಳ ಹೆಚ್ಚು ಜಾಗ ತುಂಬುತ್ತದೆಯೇ, ಗೋಳದೊಳಗೆ ಬಿಗಿಯಾಗಿ ಕೂರುವ ಘನವೇ? ಮೊದಲನೆಯದು ನೂರಕ್ಕೆ 52 ಪಾಲು ತುಂಬುತ್ತದೆ, ಎರಡನೆಯದು 37 ಪಾಲು ಮಾತ್ರ. ಉತ್ತರ ಹೇಳುವ ಮೊದಲು ರಟ್ಟಿನ ಪೆಟ್ಟಿಗೆಯೊಂದನ್ನೂ ದಾರವನ್ನೂ ಅವರ ಕೈಗೆ ಕೊಟ್ಟು, ಮೂಲೆಯಿಂದ ಎದುರಿನ ಮೂಲೆಗೆ ಎಷ್ಟು ದಾರ ಬೇಕೆಂದು ಅವರಿಂದಲೇ ಅಳೆಯಿಸಿ. ಮೊದಲ ದಾರವನ್ನು ‘ಸಾಧ್ಯವಿಲ್ಲ’ ಎಂದು ಬರೆದ ಆ ಹುಡುಗನ ಕೈಗೇ ಕೊಡಿ.